ಕೈಯಲ್ಲಿ ಹಿಡಿಯುವ ಆಟದ ಯಂತ್ರ, ಮನೆಯಲ್ಲಿರುವ ಹಳೆಯ ಕಂಪ್ಯೂಟರ್

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು, ಅಂದರೆ ಅದಕ್ಕೆ ಮಾಮೂಲಿ ಭದ್ರತಾ ತಿದ್ದುಪಡಿಗಳು ಬರುವುದು ನಿಂತಿತು. ನಮ್ಮ ಕಲಬುರಗಿಯ ಎಷ್ಟೋ ಮನೆಗಳಲ್ಲಿರುವ ಕಂಪ್ಯೂಟರ್‌ಗಳು ಹಳೆಯವು. ಅವುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಹೊಂದುವುದಿಲ್ಲ. ಕಂಪ್ಯೂಟರ್ ಕಲಿಸುವ ನನ್ನ ಬಳಿಗೆ ಬರುವ ತಂದೆತಾಯಿ, "ಸರ್, ಇನ್ನು ಹೊಸದನ್ನೇ ಕೊಳ್ಳಬೇಕೇ?" ಎಂದು ಕೇಳುತ್ತಾರೆ. ಅವರ ಜೊತೆ ಬಂದ ಹುಡುಗನ ಪ್ರಶ್ನೆಯೇ ಬೇರೆ: "ಲಿನಕ್ಸ್ ಹಾಕಿದರೆ ಗೇಮ್ ನಡೆಯುತ್ತದೆಯೇ ಸರ್?" ಲಿನಕ್ಸ್ ಎಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸಬಲ್ಲ, ಉಚಿತವಾಗಿ ಸಿಗುವ ವ್ಯವಸ್ಥೆ.

ಹತ್ತು ವರ್ಷಗಳ ಹಿಂದೆ ಆ ಹುಡುಗನಿಗೆ "ಇಲ್ಲ ಬಿಡಪ್ಪ" ಎನ್ನಬೇಕಾಗಿತ್ತು. ಇಂದು "ಬಹುಮಟ್ಟಿಗೆ ನಡೆಯುತ್ತದೆ" ಎಂದು ಧೈರ್ಯವಾಗಿ ಹೇಳುತ್ತೇನೆ. ಈ ಬದಲಾವಣೆಯ ಹಿಂದೆ ಕೈಯಲ್ಲಿ ಹಿಡಿದು ಆಡುವ ಒಂದು ಯಂತ್ರದ ದೊಡ್ಡ ಪಾಲಿದೆ. ಅದರ ಹೆಸರು ಸ್ಟೀಮ್ ಡೆಕ್.

ಇದನ್ನು ತಯಾರಿಸಿದ್ದು ಅಮೆರಿಕದ ವಾಲ್ವ್ ಕಂಪನಿ. ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂತರ್ಜಾಲ ಮಳಿಗೆಯೂ ಅದರದ್ದೇ. 2012ರಲ್ಲಿ ವಿಂಡೋಸ್ 8 ಬರುವ ಹೊತ್ತಿಗೆ, ಮೈಕ್ರೋಸಾಫ್ಟ್ ತನ್ನದೇ ಮಳಿಗೆ ತೆರೆಯುತ್ತಿರುವುದನ್ನು ಕಂಡು ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ಬಹಿರಂಗವಾಗಿಯೇ ಆತಂಕ ವ್ಯಕ್ತಪಡಿಸಿದರು. ಇನ್ನೊಬ್ಬರ ಜಾಗದಲ್ಲಿ ಅಂಗಡಿ ಇಟ್ಟವನಿಗೆ ಜಾಗದ ಮಾಲೀಕನೇ ಪಕ್ಕದಲ್ಲಿ ಅದೇ ವ್ಯಾಪಾರ ಶುರು ಮಾಡಿದರೆ ನಿದ್ದೆ ಹೇಗೆ ಬಂದೀತು? ಯಾರ ಹಿಡಿತದಲ್ಲೂ ಇಲ್ಲದ ಲಿನಕ್ಸ್ ಕಡೆಗೆ ಅವರು ಹೊರಳಿದರು. 2013ರಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂದಿತು. 2015ರಲ್ಲಿ ಬೇರೆ ತಯಾರಕರ ಜೊತೆ ಸೇರಿ ಸ್ಟೀಮ್ ಮಷಿನ್ ಎಂಬ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ತಂದರು. ಅವು ನೆಲಕಚ್ಚಿದವು. ಯಂತ್ರಗಳೇನೋ ಇದ್ದವು, ಆದರೆ ಅವುಗಳಲ್ಲಿ ಆಡಲು ಸಾಕಷ್ಟು ಆಟಗಳೇ ಇರಲಿಲ್ಲ. ಹೆಚ್ಚಿನ ಕಂಪನಿಗಳು ವಿಂಡೋಸ್‌ಗೆ ಮಾತ್ರ ಆಟ ಬರೆಯುತ್ತಿದ್ದವು.

ಆ ಸೋಲಿನ ನಂತರ ಅವರು ಹಿಡಿದ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ವಿಂಡೋಸ್‌ಗಾಗಿ ಬರೆದ ಆಟವನ್ನೇ, ಅದರ ಒಂದು ಸಾಲನ್ನೂ ಬದಲಿಸದೆ, ಲಿನಕ್ಸ್‌ನಲ್ಲಿ ನಡೆಸುವ ಕೆಲಸಕ್ಕೆ ಹಣ ಹೂಡಿದರು. ತಳಹದಿ ಆಗಲೇ ಇತ್ತು. 1993ರಿಂದ ಹವ್ಯಾಸಿಗಳೂ ವೃತ್ತಿಪರರೂ ಕೂಡಿ ಕಟ್ಟುತ್ತ ಬಂದ ವೈನ್ ಎಂಬ ತಂತ್ರಾಂಶ ಅದು. ಕಡತ ತೆರೆಯಲು, ಸದ್ದು ಹೊರಡಿಸಲು, ಪರದೆಯಲ್ಲಿ ಚಿತ್ರ ಬಿಡಿಸಲು ಆಟವು ವಿಂಡೋಸನ್ನು ಹೆಸರು ಹಿಡಿದು ಕರೆಯುತ್ತದೆ. ಆ ಕರೆಗೆಲ್ಲ ವಿಂಡೋಸ್ ಬದಲು ವೈನ್ ಓಗೊಟ್ಟು, ಲಿನಕ್ಸ್‌ನಿಂದ ಕೆಲಸ ಮಾಡಿಸಿ ಕೊಡುತ್ತದೆ. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ನಟಿಸುವ ಭಾರ ಇಲ್ಲಿ ಇಲ್ಲ. ಆದ್ದರಿಂದಲೇ ವೇಗ ಅಷ್ಟಾಗಿ ಕುಗ್ಗುವುದಿಲ್ಲ.

ಕಠಿಣವಾಗಿದ್ದದ್ದು ಚಿತ್ರದ ಭಾಗ. ವಿಂಡೋಸ್ ಆಟಗಳು ಡೈರೆಕ್ಟ್‌ಎಕ್ಸ್ ಎಂಬ ವ್ಯವಸ್ಥೆಯ ಮೂಲಕ, ಚಿತ್ರ ಬಿಡಿಸುವ ಭಾಗವಾದ ಗ್ರಾಫಿಕ್ಸ್ ಕಾರ್ಡಿಗೆ ಆಜ್ಞೆ ಕೊಡುತ್ತವೆ. ಲಿನಕ್ಸ್‌ನಲ್ಲಿ ಅದಿಲ್ಲ. ಫಿಲಿಪ್ ರೆಬೊಹ್ಲೆ ಎಂಬ ಪ್ರೋಗ್ರಾಮರ್, ತನಗೆ ಇಷ್ಟವಾದ ಒಂದು ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕೆಂಬ ಆಸೆಯಿಂದ ಡಿಎಕ್ಸ್‌ವಿಕೆ ಎಂಬ ತಂತ್ರಾಂಶ ಬರೆಯಲು ತೊಡಗಿದ. ಡೈರೆಕ್ಟ್‌ಎಕ್ಸ್ ಆಜ್ಞೆಗಳನ್ನು ಅದು ಆಟ ನಡೆಯುತ್ತಿರುವಾಗಲೇ ವಲ್ಕನ್ ಎಂಬ ಮುಕ್ತ ವ್ಯವಸ್ಥೆಯ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ವಾಲ್ವ್ ಆತನ ಕೆಲಸಕ್ಕೆ ನೆರವು ಕೊಟ್ಟಿತು. ವೈನ್, ಡಿಎಕ್ಸ್‌ವಿಕೆ ಮತ್ತು ಇನ್ನೂ ಕೆಲವು ಭಾಗಗಳನ್ನು ಒಟ್ಟುಗೂಡಿಸಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂಬ ಹೆಸರಿನಲ್ಲಿ ಹೊರತಂದಿತು. ಒಬ್ಬ ಮನುಷ್ಯನ ಆಟದ ಆಸೆ ಜಗತ್ತಿನ ಸಾವಿರಾರು ಆಟಗಳಿಗೆ ದಾರಿ ಮಾಡಿಕೊಟ್ಟಿತು. ನನ್ನ ವಿದ್ಯಾರ್ಥಿಗಳಿಗೆ ಈ ಪ್ರಸಂಗವನ್ನು ಹೇಳದೆ ನಾನು ಪಾಠ ಮುಗಿಸುವುದಿಲ್ಲ.

ಸ್ಟೀಮ್ ಡೆಕ್ ಬಂದದ್ದು ಆಮೇಲೆ, 2022ರ ಫೆಬ್ರವರಿ ಕೊನೆಯಲ್ಲಿ. ಏಳು ಅಂಗುಲದ ಪರದೆ, 16 ಜಿಬಿ ಮೆಮೊರಿ, ಎಎಂಡಿ ಚಿಪ್, 669 ಗ್ರಾಂ ತೂಕ. ಒಳಗಿರುವುದು ಲಿನಕ್ಸ್‌ನ ಆರ್ಚ್ ಎಂಬ ರೂಪವನ್ನು ಆಧರಿಸಿ ವಾಲ್ವ್ ಮಾಡಿದ ಸ್ಟೀಮ್ ಓಎಸ್. ಆಡುತ್ತಿರುವಾಗ ಒಂದು ಗುಂಡಿ ಒತ್ತಿದರೆ ಆಟ ಅಲ್ಲಿಗೇ ನಿಂತು ಯಂತ್ರ ಮಲಗುತ್ತದೆ. ಸಂಜೆ ಮತ್ತೆ ಒತ್ತಿದರೆ ಅದೇ ತಿರುವಿನಲ್ಲಿ ಆಟ ಎದ್ದು ಕೂಡುತ್ತದೆ. ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮಂಥ ಊರಿನಲ್ಲಿ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಓಎಲ್‌ಇಡಿ ಎಂಬ ಬೇರೆ ಬಗೆಯ ಪರದೆಯ ಮಾದರಿ ಬಂದಿತು. 2025ರಲ್ಲಿ ಲೆನೊವೊ ಕಂಪನಿಯೂ ಲೀಜನ್ ಗೋ ಎಸ್ ಎಂಬ ಇಂಥದೇ ಕೈಯಂತ್ರವನ್ನು ಸ್ಟೀಮ್ ಓಎಸ್ ಹಾಕಿಯೇ ಮಾರತೊಡಗಿತು. ಆ ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳನ್ನು ಹಾಕಿ ನೋಡಿದ ಪರೀಕ್ಷೆಗಳಲ್ಲಿ ಹಲವು ಆಟಗಳು ವಿಂಡೋಸ್‌ಗಿಂತ ಲಿನಕ್ಸ್‌ನಲ್ಲೇ ಚುರುಕಾಗಿ ಓಡಿದವು.

ಹಾಗೆಂದು ಸ್ಟೀಮ್ ಡೆಕ್ ತರಿಸಿಕೊಳ್ಳಿ ಎಂದು ನಾನು ಹೇಳಲಾರೆ. ವಾಲ್ವ್ ಅದನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಹೊರಗಿನಿಂದ ತರಿಸಿದವರು ಹೆಚ್ಚು ಬೆಲೆ ತೆರಬೇಕು, ಕೆಟ್ಟರೆ ದುರಸ್ತಿಗೆ ತಾವೇ ಪರದಾಡಬೇಕು. ಬಿಸಿಲಿನ ಮಾತೂ ಇದೆ. ಸುತ್ತಲಿನ ಉಷ್ಣಾಂಶ 35 ಡಿಗ್ರಿ ದಾಟಿದರೆ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬಹುದೆಂದು ಕಂಪನಿಯೇ 2022ರ ಜುಲೈನಲ್ಲಿ ತಿಳಿಸಿತ್ತು. ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಮಾಮೂಲು. ಪತ್ರಾಸಿನ ಮನೆಯೊಳಗೆ ಕುಳಿತು ಆಡುವ ಹುಡುಗನನ್ನು ನೆನೆದೇ ಈ ಮಾತು ಹೇಳುತ್ತಿದ್ದೇನೆ.

ನಮಗೆ ದಕ್ಕುವುದು ಆ ಯಂತ್ರಕ್ಕಾಗಿ ನಡೆದ ಕೆಲಸ. ಪ್ರೋಟಾನ್ ಉಚಿತ, ಅದರ ಮೂಲ ಸಂಕೇತವೂ ಮುಕ್ತ. ಡೆಕ್‌ಗಾಗಿ ತಿದ್ದಿದ ಗ್ರಾಫಿಕ್ಸ್ ಡ್ರೈವರ್‌ಗಳು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶಗಳು, ಲಿನಕ್ಸ್‌ನ ಬೇರೆ ರೂಪಗಳಾದ ಉಬುಂಟು, ಫೆಡೋರಾ, ಮಿಂಟ್ ಬಳಸುವ ಎಲ್ಲರನ್ನೂ ತಲುಪುತ್ತವೆ. 2017ರ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡು ಇರುವ ಕಂಪ್ಯೂಟರ್‌ನಲ್ಲೂ ಇಂದಿನ ಪ್ರೋಟಾನ್ ಕೆಲಸ ಮಾಡುತ್ತದೆ. ತೀರಾ ಹಳೆಯ ಕಾರ್ಡುಗಳಿಗೆ ಹೊಸ ವಲ್ಕನ್ ಬರುವುದಿಲ್ಲ, ಅಲ್ಲಿ ಹಳೆಯ ಆಟಗಳಿಗೆ ಒಗ್ಗಿಕೊಳ್ಳಬೇಕು.

ಡೇಟಾ ಇನ್ನೊಂದು ತೊಡಕು. ನೂರು ಜಿಬಿಯ ಆಟವನ್ನು ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಲಾನಿನಲ್ಲಿ ಇಳಿಸಲು ಐವತ್ತು ದಿನ ಬೇಕು. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಿ: 2023ರಿಂದ ಸ್ಟೀಮ್‌ನಲ್ಲಿ, ಒಂದೇ ಜಾಲದಲ್ಲಿರುವ ಪಕ್ಕದ ಕಂಪ್ಯೂಟರ್‌ನಿಂದ ಆಟವನ್ನು ನಕಲು ಮಾಡಿಕೊಳ್ಳುವ ಸೌಲಭ್ಯವಿದೆ. ಒಬ್ಬರು ಇಳಿಸಿದರೆ, ಆ ಆಟವನ್ನು ಕೊಂಡಿರುವ ಉಳಿದವರು ಡೇಟಾ ಖರ್ಚಿಲ್ಲದೆ ಪಡೆಯಬಹುದು.

ಎಲ್ಲವೂ ಸರಿಹೋಗಿದೆ ಎಂದರೆ ಸುಳ್ಳಾಗುತ್ತದೆ. ನಮ್ಮ ಹುಡುಗರು ಗುಂಪು ಕಟ್ಟಿಕೊಂಡು ಆಡುವ ವ್ಯಾಲೊರಂಟ್, ಫೋರ್ಟ್‌ನೈಟ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಎಪೆಕ್ಸ್ ಲೆಜೆಂಡ್ಸ್ ನಡೆಯುತ್ತಿತ್ತು. 2024ರ ಅಕ್ಟೋಬರ್ ಕೊನೆಗೆ ಅದರ ತಯಾರಕರೇ ಲಿನಕ್ಸ್‌ಗೆ ಬಾಗಿಲು ಹಾಕಿದರು. ಕಾರಣ ಮೋಸದಾಟ ತಡೆಯುವ ತಂತ್ರಾಂಶ. ಅದನ್ನು ಲಿನಕ್ಸ್‌ಗೆ ಹೊಂದಿಸುವುದೂ ಬಿಡುವುದೂ ಆಟದ ಕಂಪನಿಯ ಇಚ್ಛೆ. ಮೋಸ ತಡೆಯಬೇಕು, ಒಪ್ಪುತ್ತೇನೆ. ಆದರೆ ಒಂದು ಆಟಕ್ಕಾಗಿ ಇಡೀ ಕಂಪ್ಯೂಟರ್‌ನ ಅಂತರಾಳಕ್ಕೆ ಕೈಹಾಕುವ ತಂತ್ರಾಂಶವನ್ನು ಹದಿನಾಲ್ಕು ವರ್ಷದ ಮಗುವಿನಿಂದ ಒಪ್ಪಿಗೆ ಒತ್ತಿಸಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಆಟವೇ ಬೇಕೆನ್ನುವ ಮನೆಯಲ್ಲಿ ಸದ್ಯಕ್ಕೆ ವಿಂಡೋಸ್ ಇರಲೇಬೇಕು.

ಉಳಿದವರು ಒಮ್ಮೆ ಪರೀಕ್ಷಿಸಿ ನೋಡಬಹುದು. ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ, ವೈಫೈ, ಧ್ವನಿ, ಪರದೆ ಸರಿಯಿವೆಯೇ ನೋಡಿ. ಬೇಕಾದ ಆಟ ನಡೆಯುತ್ತದೆಯೇ ಎಂಬುದನ್ನು ಆಡಿದವರೇ ದಾಖಲಿಸುವ ಪ್ರೋಟಾನ್‌ಡಿಬಿ ತಾಣದಲ್ಲಿ ಹುಡುಕಿ. ಆಟಗಳನ್ನು ವಿಂಡೋಸ್‌ನ ಹಳೆಯ ಡ್ರೈವಿನಲ್ಲಿ ಇಡಬೇಡಿ, ಲಿನಕ್ಸ್‌ಗೆಂದು ಮಾಡಿದ ಭಾಗದಲ್ಲೇ ಇಡಿ; ಇಲ್ಲದಿದ್ದರೆ ಪ್ರೋಟಾನ್ ಆಗಾಗ ಮುಗ್ಗರಿಸುತ್ತದೆ. ಇನ್ನು ಹಾರ್ಡ್‌ಡಿಸ್ಕ್‌ಗೆ ಕೈಹಚ್ಚುವ ಮುನ್ನ ಮನೆಯ ಫೋಟೊ, ಅಂಕಪಟ್ಟಿ, ಹೊಲದ ಪಹಣಿ, ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿ ಇಟ್ಟುಕೊಳ್ಳಿ.

ನಮಸ್ಕಾರ.