ಕೆಲಸ ನಿಂತ ದಿನವೇ ಒಂದು ಸಾಲು ಕಳಿಸಿ

ಕೇಳುಗರಿಗೆಲ್ಲ ನಮಸ್ಕಾರ. ಕೊರೊನಾ ಹೋಗಿ ಇಷ್ಟು ವರ್ಷ ಆಯ್ತು, ಈಗ ಎಂತಕ್ಕೆ ಈ ವಕೀಲರು ಅದೇ ಪುರಾಣ ತೆಗೀತಾರೆ ಅಂತ ನಮ್ಮ ಕಾಸರಗೋಡಿನ ಕುಂಬಳೆಯಲ್ಲೋ ಮುಳ್ಳೇರಿಯದಲ್ಲೋ ಕೂತು ಕೇಳ್ತಿರೋರಿಗೆ ಅನ್ನಿಸ್ಬಹುದು. ಎಂತಕ್ಕೆ ಅಂದ್ರೆ ರೋಗ ಹೋದ್ರೂ ಅದು ಹುಟ್ಟಿಸಿದ ತಕರಾರುಗಳು ನಮ್ಮ ಫೈಲುಗಳಲ್ಲಿ ಇನ್ನೂ ಕೂತಿವೆ. ಮತ್ತೆ ನಾವು ಇರೋದು ಕೇರಳದಲ್ಲಿ ಮಾರಾಯ್ರೆ, 2018ರಲ್ಲಿ ಕೋಯಿಕ್ಕೋಡಿಗೆ ನಿಫಾ ಬಂತು, 2023ರಲ್ಲಿ ಮತ್ತೆ ಬಂತು, ವಾರ್ಡು ವಾರ್ಡುಗಳನ್ನೇ ಕಂಟೈನ್‌ಮೆಂಟ್ ಝೋನ್ ಮಾಡಿ ಮುಚ್ಚಿದ್ರು. ನಾಳೆ ನಿಮ್ಮ ಮನೆ ಕೆಲಸ ಅರ್ಧದಲ್ಲಿ ಇರುವಾಗ ಹಾಗೆ ಆದ್ರೆ?

ನಾನು ಇವತ್ತು ಹೇಳೋದು ಒಂದೇ ಮಾತು. ಕೆಲಸ ನಿಂತ ದಿನವೇ ಎದುರು ಪಾರ್ಟಿಗೆ ಬರೆದು ಕಳಿಸಿ. ಯಾಕೆ ನಿಂತಿತು, ಯಾವತ್ತು ನಿಂತಿತು, ಅಷ್ಟೇ. ಸಾಹಿತ್ಯ ಬೇಡ.

ಸುಮಾರು ಜನ ಏನು ತಿಳ್ಕೊಂಡಿದ್ದಾರೆ ಅಂದ್ರೆ, ಲಾಕ್‌ಡೌನ್ ಆಯ್ತಲ್ಲ, ಇನ್ನು ಕರಾರು ಎಲ್ಲಾ ರದ್ದು, ದಂಡ ಇಲ್ಲ, ಕೇಳೋರಿಲ್ಲ ಅಂತ. ಹಾಗೆಲ್ಲ ಇಲ್ಲ. 1872ರ ಕರಾರು ಕಾಯ್ದೆಯಲ್ಲಿ 56ನೇ ಸೆಕ್ಷನ್ ಅಂತ ಒಂದು ಉಂಟು, ಕೆಲಸ ಮಾಡೋದು ಅಸಾಧ್ಯವೇ ಆಗಿಬಿಟ್ರೆ ಕರಾರು ಬಿದ್ದುಹೋಗ್ತದೆ ಅಂತ. ಅಸಾಧ್ಯ ಅಂದ್ರೆ ಅಸಾಧ್ಯ, ಕಷ್ಟ ಅಂತ ಅಲ್ಲ, ದುಬಾರಿ ಅಂತಲೂ ಅಲ್ಲ. ವಿದೇಶದ ಕಲ್ಲಿದ್ದಲು ರೇಟು ಏರಿತು ಅಂತ ಕರೆಂಟು ಕಂಪೆನಿಗಳು ಇದೇ ವಾದ ಹೂಡಿ, ವಿಷಯ ಸುಪ್ರೀಂ ಕೋರ್ಟಿನ ತನಕ ಹೋದಾಗ 2017ರಲ್ಲಿ ಕೋರ್ಟು ಅದನ್ನೇ ಹೇಳಿ ಆ ವಾದ ಒಪ್ಪಲಿಲ್ಲ. ಸಿಮೆಂಟು ರೇಟು ಏರಿತು ಅಂತ ನೀವು ಹೋದ್ರೂ ಅದೇ ಉತ್ತರ.

ಈಗ ಒಂದು ಕೇಸಿನ ಕಥೆ ಹೇಳ್ತೇನೆ, ಹೆಸರು ಹೇಳೋದಿಲ್ಲ. ಬದಿಯಡ್ಕ ಕಡೆಯ ಒಬ್ಬ ಕಂಟ್ರಾಕ್ಟರು, ಗಲ್ಫಿನಲ್ಲಿ ಇರೋ ಒಬ್ಬರ ಮನೆ ಕಟ್ಟೋಕೆ ಒಪ್ಪಿಕೊಂಡಿದ್ದ. ಕರಾರುಪತ್ರ ಇತ್ತು, ಇಲ್ಲ ಅಂತ ಅಲ್ಲ, ಆದ್ರೆ ಅದನ್ನ ಯಾರೋ ದೊಡ್ಡ ಸಿಟಿಯ ಫ್ಲಾಟಿನ ಪತ್ರದಿಂದ ಕಾಪಿ ಹೊಡೆದಿದ್ರು. ಕೆಂಪುಕಲ್ಲಿನ ಎರಡು ಮಾಳಿಗೆ ಮನೆ, ಪತ್ರ ತೆಗ್ದು ನೋಡಿದ್ರೆ ಲಿಫ್ಟ್ ನಿರ್ವಹಣೆ ಯಾರದ್ದು, ಸ್ವಿಮ್ಮಿಂಗ್ ಪೂಲಿನ ನೀರು ಯಾವಾಗ ಬದಲಾಯಿಸ್ಬೇಕು ಅಂತೆಲ್ಲ ಬರೆದಿದೆ! ದೈವೇಚ್ಛೆ ಅಂತ ಒಂದು ಕಲಂ ಉಂಟು, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ಕೆಲಸ ನಿಂತ್ರೆ ವಿನಾಯಿತಿ ಅಂತ, ಅದರಲ್ಲಿ ನೆರೆ, ಭೂಕಂಪ, ಯುದ್ಧ ಇಷ್ಟೇ. ಸಾಂಕ್ರಾಮಿಕ ರೋಗದ ಸುದ್ದಿಯೇ ಇಲ್ಲ, ಸರಕಾರ ಬಂದ್ ಮಾಡಿದ್ರೆ ಏನು ಅಂತಲೂ ಇಲ್ಲ. ತಡ ಆದ್ರೆ ತಿಂಗಳಿಗಿಷ್ಟು ದಂಡ ಅನ್ನೋದು ಮಾತ್ರ ದಪ್ಪ ಅಕ್ಷರದಲ್ಲಿ ಉಂಟು.

2020 ಮಾರ್ಚ್. ಮೇಲಿನ ಸ್ಲ್ಯಾಬಿಗೆ ಸೆಂಟ್ರಿಂಗ್ ಆಗಿದೆ, ಶೀಟಿಗೆ ದಿನಬಾಡಿಗೆ ಓಡ್ತಾ ಉಂಟು, ಕಬ್ಬಿಣ ಬರ್ಬೇಕಾದ್ದು ಮಂಗಳೂರಿಂದ. ಅಷ್ಟೊತ್ತಿಗೆ ಆ ಕಡೆಯ ಕರ್ನಾಟಕದವರು ಗಡಿ ಮುಚ್ಚಿದ್ರು. ಹೆದ್ದಾರಿಯ ತಲಪಾಡಿ ಗಡಿ ಮಾತ್ರ ಅಲ್ಲ, ಊರೊಳಗಿನ ಸಣ್ಣ ದಾರಿಗೂ ಮಣ್ಣು ಸುರಿದದ್ದು ನಿಮಗೆಲ್ಲ ನೆನಪುಂಟಲ್ಲ, ಮಂಗಳೂರಿನ ಆಸ್ಪತ್ರೆಗೆ ಹೋಗೋ ಆಂಬುಲೆನ್ಸಿಗೇ ದಾರಿ ಇರ್ಲಿಲ್ಲ, ಕೇರಳ ಹೈಕೋರ್ಟು ಏಪ್ರಿಲ್ 1ಕ್ಕೆ ಆದೇಶ ಮಾಡಿ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯ್ತು. ಆಂಬುಲೆನ್ಸಿನ ಕಥೆಯೇ ಹಾಗೆ, ಇನ್ನು ಕಬ್ಬಿಣದ ಲಾರಿಯನ್ನ ಯಾರು ಕೇಳ್ತಾರೆ. ಕೆಲಸದವರು ಬಂಗಾಳದ ಹುಡುಗರು, ನಮ್ಮ ಸರಕಾರದ ಭಾಷೆಯಲ್ಲಿ ಅತಿಥಿ ತೊಳಿಲಾಳಿಗಳು, ಬಾಡಿಗೆ ಕೋಣೆಯಲ್ಲಿ ಕೂತಿದ್ದಾರೆ, ಅವರಿಗೆ ಅಕ್ಕಿ ಬೇಳೆ ತಂದು ಹಾಕಿದ್ದು ಈ ಕಂಟ್ರಾಕ್ಟರೇ. ಮೇ ತಿಂಗಳಲ್ಲಿ ಶ್ರಮಿಕ್ ರೈಲು ಶುರುವಾಯ್ತು, ಹುಡುಗರು ಹತ್ತಿ ಹೋದ್ರು. ಲಾಕ್‌ಡೌನ್ ಸಡಿಲ ಆದಾಗ ಕಬ್ಬಿಣ ಬಂತು, ಕಟ್ಟೋರಿಲ್ಲ. ಶೆಡ್ಡಲ್ಲಿದ್ದ ಸಿಮೆಂಟು ಗೋಣಿ ಸಮೇತ ಕಲ್ಲಾಗಿತ್ತು, ಮೂಲೆಗೆ ಒದ್ದರೆ ಕಾಲಿಗೇ ನೋವು.

ಗಲ್ಫಿನವರು ಒಪ್ಪಲಿಲ್ಲ. ಪಕ್ಕದ ಮನೆ ಮುಗ್ದಿದೆ, ಇವನದ್ದು ಮಾತ್ರ ಎಂತ ಕೊರೊನಾ ಅಂತ ಕೇಸು ಹಾಕಿದ್ರು. ಇವನು ನನ್ನತ್ರ ಬಂದ. ಗಡಿ ಮುಚ್ಚಿದ್ದನ್ನ ಅವರಿಗೆ ತಿಳಿಸಿದ್ಯಾ? ತಿಳಿಸಿದ್ದೇನೆ ಸಾರ್, ವಾಟ್ಸಾಪಲ್ಲಿ. ತೋರ್ಸು. ಫೋನು ಆ ಮಳೆಗಾಲದಲ್ಲೇ ನೀರಿನ ಟ್ಯಾಂಕಿಗೆ ಬಿದ್ದಿದೆ ಸಾರ್, ಬ್ಯಾಕಪ್ ಇಲ್ಲ. ಅಯ್ಯೋ ದೇವರೇ ಅಂತ ನಾನು ತಲೆ ಮೇಲೆ ಕೈ ಇಟ್ಕೊಂಡೆ. ಕಡೆಗೆ ಮೀಡಿಯೇಷನ್ನಿಗೆ, ಅಂದ್ರೆ ಮಧ್ಯಸ್ಥರ ಎದುರು ರಾಜಿ ಮಾತಿಗೆ ಕೂತೆವು, ಅಲ್ಲಿ ಆ ಗಲ್ಫಿನವರೇ, ಇವನು ನನಗೆ ಎಷ್ಟು ಜೋರು ಮಾಡಿದ್ದಾನೆ ಕೇಳಿ ಸಾರ್ ಅಂತ ತಮ್ಮ ಫೋನಿಂದ ಒಂದು ವಾಯ್ಸ್ ಮೆಸೇಜ್ ಹಾಕಿದ್ರು. ಕೇಳಿದ್ರೆ ಇವನದ್ದೇ ಸ್ವರ, "ಅಣ್ಣಾ, ತಲಪಾಡಿಯಲ್ಲಿ ಗೇಟ್ ಹಾಕಿದ್ದಾರೆ, ಕಬ್ಬಿಣ ಲಾರಿಯಲ್ಲೇ ಉಂಟು, ನಾನು ಎಂತ ಅದನ್ನ ತಲೆ ಮೇಲೆ ಹೊತ್ಕೊಂಡು ಬರ್ಬೇಕಾ?" ಕೆಳಗೆ ತಾರೀಕು, ಗಂಟೆ, ನಿಮಿಷ ಎಲ್ಲಾ ಕಾಣ್ತದೆ. ನಮಗೆ ಬೇಕಾದ ನೋಟೀಸನ್ನ ಎದುರು ಪಾರ್ಟಿಯೇ ಜೋಪಾನ ಮಾಡಿ ಇಟ್ಟಿದ್ರು! ಮೀಡಿಯೇಟರು ನಗು ತಡೀಲಿಕ್ಕೆ ನೀರು ಕುಡಿದ್ರು.

ಪೂರ್ತಿ ಗೆದ್ದೆವು ಅಂತ ಹೇಳೋದಿಲ್ಲ. ಅಡಿಪಾಯವೇ ಲಾಕ್‌ಡೌನಿಗಿಂತ ಮೊದಲು ತಡ ಆಗಿತ್ತು, ಇವನು ಬೇರೆ ಸೈಟಲ್ಲಿದ್ದ. ಆ ತಿಂಗಳುಗಳಿಗೆ ಇವನು ದಂಡ ಕೊಟ್ಟ, ಮಾರ್ಚಿಂದ ಮೇಲಿನದ್ದನ್ನ ಅವರು ಬಿಟ್ರು. ಅದೇ ಸರಿ ಕೂಡ. ಮೊದಲೇ ಕೆಲಸ ಹಿಂದೆ ಹಾಕಿದವರು ಕೊರೊನಾದ ಮರೆಯಲ್ಲಿ ನಿಲ್ಲೋ ಹಾಗಿಲ್ಲ ಅಂತ ದೆಹಲಿ ಹೈಕೋರ್ಟು 2020ರ ಮೇ ತಿಂಗಳಲ್ಲೇ ಹೇಳಿದೆ. ಹಾಗಾದ್ರೆ ಯಾವ ತಡ ರೋಗದ್ದು, ಯಾವ ತಡ ನಿಮ್ಮದು ಅಂತ ಬೇರೆ ಮಾಡಿ ತೋರಿಸೋದು ಯಾರು? ಆವತ್ತಿನ ಬರಹವೇ. ಅದಕ್ಕೇ ಹೇಳೋದು, ಅದೇ ದಿನ ಕಳಿಸಿ ಅಂತ.

ಕೇಂದ್ರದ ಹಣಕಾಸು ಇಲಾಖೆ 2020 ಫೆಬ್ರವರಿ 19ಕ್ಕೆ ಕೊರೊನಾವನ್ನ ಪ್ರಕೃತಿ ವಿಕೋಪ ಅಂತ ಲೆಕ್ಕ ಹಾಕ್ಬಹುದು ಅಂತ ಒಂದು ಪತ್ರ ಹೊರಡಿಸಿತ್ತು, ಅದರ ಝೆರಾಕ್ಸ್ ಹಿಡ್ಕೊಂಡು ಈಗ್ಲೂ ಬರೋರಿದ್ದಾರೆ. ಅದು ಸರಕಾರಿ ಖರೀದಿಗೆ ಬರೆದದ್ದು, ನಿಮ್ಮ ಮನೆ ಪಾಗಾರದ ಗೋಡೆಗಲ್ಲ. ಹಾಗೇ ರೇರಾದಲ್ಲಿ, ಅಂದ್ರೆ ಫ್ಲಾಟು ಕಟ್ಟಿ ಮಾರೋ ಬಿಲ್ಡರುಗಳ ಕಾಯ್ದೆಯಲ್ಲಿ, ಆರು ತಿಂಗಳು ಅವಧಿ ಕೊಟ್ಟದ್ದು ನೋಂದಣಿ ಆದ ಪ್ರಾಜೆಕ್ಟುಗಳಿಗೆ. ನಿಮ್ಮ ಜಾಗದಲ್ಲಿ ನೀವು ಮೇಸ್ತ್ರಿ ಇಟ್ಟು ಕಟ್ಟಿಸೋ ಮನೆಗೆ ರೇರಾ ಎಲ್ಲಿಂದ ಬಂತು?

ಒಳಗಿಂದ ಕೈ ತೋರಿಸ್ತಿದ್ದಾರೆ, ಸಮಯ ಆಗ್ತಾ ಬಂತಂತೆ. ಕೆಲಸ ಕೊಡೋರ ವಿಷಯ ಓಡಿಸಿ ಹೇಳ್ತೇನೆ. ಲಾಕ್‌ಡೌನಲ್ಲಿ ಪೂರ್ತಿ ಸಂಬಳ ಕೊಡಿ ಅಂತ ಕೇಂದ್ರ ಗೃಹ ಇಲಾಖೆ ಮಾರ್ಚ್ 29ಕ್ಕೆ ಆದೇಶ ಮಾಡ್ತು, ಮೇ 18ರಿಂದ ಅದು ಇಲ್ಲ ಅಂತಾಯ್ತು, ಜೂನ್ 12ಕ್ಕೆ ಸುಪ್ರೀಂ ಕೋರ್ಟು, ಇಬ್ಬರೂ ಕೂತು ಮಾತಾಡಿ ಮುಗಿಸ್ಕೊಳ್ಳಿ ಅಂತ ಹೇಳ್ತು. ಮಾತಾಡಿ ಮುಗಿಸಿದವರು ಅದನ್ನ ಬರೆದು ಇಬ್ಬರ ಸಹಿ ಹಾಕಿಸಿದ್ದಾರಾ ಅಂದ್ರೆ, ಇಲ್ಲ! ಕೆಲಸದವರೂ ಅಷ್ಟೇ. ಕಟ್ಟಡ ಕಟ್ಟೋರಿಂದ ವಸೂಲು ಮಾಡೋ ಸೆಸ್ ದುಡ್ಡಿಂದ ಕಟ್ಟಡ ಕಾರ್ಮಿಕರ ಖಾತೆಗೆ ಸಹಾಯ ಹಾಕಿ ಅಂತ ಕೇಂದ್ರ ಮಾರ್ಚ್ 24ಕ್ಕೇ ರಾಜ್ಯಗಳಿಗೆ ಹೇಳಿತ್ತು, ಕಾರ್ಮಿಕರ ಕ್ಷೇಮನಿಧಿ ಬೋರ್ಡಲ್ಲಿ ಹೆಸರೇ ಬರೆಸದವನ ಖಾತೆಗೆ ಅದು ಹೇಗೆ ಬರ್ತದೆ.

ನಮ್ಮ ವಕೀಲರ ಪಾಡು ಬಿಡಿ, ಕೋರ್ಟು ಫೋನಿನ ಪರದೆಗೆ ಬಂತು, ಜೂನಿಯರುಗಳು ಗುಮಾಸ್ತರು ತಿಂಗಳುಗಟ್ಲೆ ಖಾಲಿ ಕೈಯಲ್ಲಿ ಕೂತ್ರು, ಅದು ಇನ್ನೊಂದು ದಿನದ ಮಾತು. ನಿಮಗೆ ಬೇಕಾದ್ದು ಇದು: 2020 ಮಾರ್ಚ್ 15ರಿಂದ 2022 ಫೆಬ್ರವರಿ 28ರ ತನಕದ ಕಾಲವನ್ನ ದಾವೆ ಹಾಕೋ ಅವಧಿಯಲ್ಲಿ ಲೆಕ್ಕಕ್ಕೆ ಹಿಡೀಬೇಡಿ ಅಂತ ಸುಪ್ರೀಂ ಕೋರ್ಟು ಹೇಳಿದೆ. 2019 ಏಪ್ರಿಲಲ್ಲಿ ಬಾಕಿಯಾದ ಬಿಲ್ಲಿಗೆ ಮೂರು ವರ್ಷ ಅಂದ್ರೆ 2022ಕ್ಕೆ ಮುಗೀಬೇಕಿತ್ತು, ಇದರಿಂದ ಅದು 2024ರ ತನಕ ಎಳೀತು. ಈಗ ಆ ಬಾಗಿಲೂ ಮುಚ್ಚಿದೆ, ಹಳೇ ಬಿಲ್ಲು ಹಿಡ್ಕೊಂಡು ಬಂದು ನನ್ನತ್ರ ಬೇಜಾರು ಮಾಡ್ಬೇಡಿ.

ಕಡೆಯದ್ದು. ವಾಟ್ಸಾಪ್ ಮೆಸೇಜು ಕೋರ್ಟಲ್ಲಿ ನಡೀತದಾ ಅಂತ ಎಲ್ಲರೂ ಕೇಳ್ತಾರೆ. ನಡೀತದೆ, ಆದ್ರೆ ಜೊತೆಗೆ ಒಂದು ಸರ್ಟಿಫಿಕೇಟು ಬೇಕು, ಮೊದಲು ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಅಂತಿದ್ರು, 2024 ಜುಲೈಯಿಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್. ಅದನ್ನ ನಿಮ್ಮ ವಕೀಲರು ತಯಾರು ಮಾಡ್ತಾರೆ, ನೀವು ತಲೆ ಕೆಡಿಸ್ಕೊಳ್ಬೇಡಿ. ನೀವು ಮಾಡ್ಬೇಕಾದ್ದು ಹಳೇ ಫೋನನ್ನ ಎಕ್ಸ್‌ಚೇಂಜಿಗೆ ಕೊಡೋ ಮೊದಲು ಚಾಟ್ ಬ್ಯಾಕಪ್ ತೆಗ್ದಿಡೋದು, ಆಗದಿದ್ರೆ ಫೋನನ್ನೇ ಕಪಾಟಲ್ಲಿ ಇಡಿ, ಎಕ್ಸ್‌ಚೇಂಜಲ್ಲಿ ಸಿಗೋ ಆ ಚಿಲ್ಲರೆ ದುಡ್ಡಿಗೆ ಆಸೆ ಪಡ್ಬೇಡಿ. ನಮಸ್ಕಾರ.