ಬ್ಯಾಕ್ ಆಡುವವನ ಲೆಕ್ಕ

ಮಾನ್ಯ ಅಧ್ಯಕ್ಷರಿಗೆ, ವೇದಿಕೆಯ ಮೇಲಿರುವ ಹಿರಿಯ ಆಟಗಾರರಿಗೆ, ಪಾಲಕರಿಗೆ ಮತ್ತು ಮಕ್ಕಳಿಗೆ ನಮಸ್ಕಾರಗಳು.

ಇಂದು ಬೆಳಿಗ್ಗೆ ಬೆಳಗಾವಿಯ ಲೇಲೆ ಮೈದಾನದಲ್ಲಿ ಫುಟ್‌ಬಾಲ್ ಬೇಸಿಗೆ ಶಿಬಿರಕ್ಕೆ ಹೆಸರು ಬರೆದುಕೊಳ್ಳುವಾಗ ಪ್ರತಿಯೊಬ್ಬರನ್ನೂ ಎಲ್ಲಿ ಆಡುತ್ತೀರಿ ಎಂದು ಕೇಳಿದೆ. ನಲವತ್ತೆರಡು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿ ಫಾರ್ವರ್ಡ್ ಎಂದರು, ಇಬ್ಬರು ಗೋಲ್‌ಕೀಪರ್ ಎಂದರು, ಒಬ್ಬ ಹುಡುಗ ಮಾತ್ರ "ಎಲ್ಲಿ ನಿಂದ್ರಸ್ತೀರಿ ಅಲ್ಲೇ ಆಡ್ತೀನ್ರಿ ಸರ" ಎಂದ. ಬ್ಯಾಕ್, ಅಂದರೆ ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು, ಎಂದವರು ಒಬ್ಬರೂ ಇರಲಿಲ್ಲ. ಫುಟ್‌ಬಾಲ್ ಆಟಗಾರನ ವೃತ್ತಿಜೀವನದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನಗೆ ಹೇಳಿದ್ದರು. ಬೆಳಗಿನ ಈ ಅನುಭವದಿಂದಾಗಿ ಬ್ಯಾಕ್ ಆಡುವವನ ವೃತ್ತಿಜೀವನದ ಬಗ್ಗೆ ಮಾತ್ರ ಮಾತನಾಡಲು ತೀರ್ಮಾನಿಸಿದ್ದೇನೆ.

ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ ಚಿನ್ನ ಗೆದ್ದ 1962ರ ಜಕಾರ್ತವನ್ನು ಈ ಸಭೆಗೆ ಪರಿಚಯಿಸುವ ಅಗತ್ಯವಿಲ್ಲ. ಪಂಜಾಬಿನಿಂದ ಕೋಲ್ಕತ್ತಕ್ಕೆ ಬಂದು, 1959ರಿಂದ ಸುಮಾರು ಒಂದು ದಶಕ ಮೋಹನ್ ಬಗಾನ್ ಕ್ಲಬ್ಬಿನ ಸ್ಟಾಪರ್ (ನಡುವಿನ ಬ್ಯಾಕ್) ಆಗಿ ನಿಂತ, 1964ರಲ್ಲಿ ಅರ್ಜುನ ಪ್ರಶಸ್ತಿ ಪಡೆದ, ಮುಂದೆ ಭಾರತ ತಂಡದ ನಾಯಕರೂ ಆದ ಜರ್ನೈಲ್ ಸಿಂಗ್ ಅವರ ಹೆಸರೆತ್ತಿದರೆ ನಾವೆಲ್ಲ ಹೇಳುವುದು ಅವರು ಹೊಡೆದ ಗೋಲುಗಳ ಕಥೆಯನ್ನು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಅವರನ್ನು ತರಬೇತುದಾರರಾದ ರಹೀಮ್ ಸಾಹೇಬರು ಮುಂದಕ್ಕೆ ತಂದು ಸೆಂಟರ್ ಫಾರ್ವರ್ಡ್ ಆಗಿ ಆಡಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಒಂದು, ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಇನ್ನೊಂದು ಗೋಲು ಅವರಿಂದ ಬಂತು. ನಾನೂ ಈ ಕಥೆಯನ್ನು ಮಕ್ಕಳಿಗೆ ನೂರು ಸಲ ಹೇಳಿದ್ದೇನೆ.

ಆದರೆ ಆ ಫೈನಲ್‌ನ ಗಡಿಯಾರವನ್ನು ಒಮ್ಮೆ ನೋಡಿ. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷಕ್ಕೆ ಜರ್ನೈಲ್ ಗೋಲು ಹೊಡೆದರು. ಕೊರಿಯಾದವರ ಒಂದೇ ಗೋಲು ಬಂದದ್ದು 85ನೇ ನಿಮಿಷದಲ್ಲಿ. ಮೊದಲ ಪಂದ್ಯದಲ್ಲಿ ನಮ್ಮನ್ನು 2-0 ಅಂತರದಿಂದ ಸೋಲಿಸಿದ್ದ ಅದೇ ಕೊರಿಯಾವನ್ನು, ನಮ್ಮವರ ವಿರುದ್ಧ ಕೂಗುತ್ತಿದ್ದ ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ, ಜ್ವರದಿಂದ ಎದ್ದು ಬಂದಿದ್ದ ತಂಗರಾಜ್ ಗೋಲ್‌ಕೀಪರ್ ಆಗಿ ನಿಂತಿರುವಾಗ, ಅರವತ್ತೈದು ನಿಮಿಷಗಳ ಕಾಲ ತಡೆದವರು ಯಾರು? ಅರುಣ್ ಘೋಷ್, ಚಂದ್ರಶೇಖರ್, ಕಾಲ್ಬೆರಳಿನ ಗಾಯದಲ್ಲೇ ಆಡಿದ ತ್ರಿಲೋಕ್ ಸಿಂಗ್. ಈ ಮೂರು ಹೆಸರುಗಳನ್ನು ನಮ್ಮ ಮಕ್ಕಳಲ್ಲಿ ಒಬ್ಬರೂ ಕೇಳಿಲ್ಲ. ಗೋಲಿಗೆ ನಿಮಿಷದ ಲೆಕ್ಕವಿದೆ, ಗೋಲಾಗದಂತೆ ತಡೆದದ್ದಕ್ಕೆ ಲೆಕ್ಕವಿಲ್ಲ ಎಂಬುದೇ ನನ್ನ ತಕರಾರು.

ವಡಗಾವಿಯ ನೇಕಾರರ ಮನೆಯ ಹುಡುಗನೊಬ್ಬ ನನ್ನ ಬಳಿ ಆರು ವರ್ಷ ಸ್ಟಾಪರ್ ಆಗಿ ಆಡಿದ. ಅವನ ತಂದೆ ಸಂಜೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನನ್ನ ಮಗಾ ಇವತ್ತರೇ ಒಂದ ಗೋಲ ಹೊಡದಾನೇನ್ರಿ ಸರ?" ಇಲ್ಲ ಎಂದು ನಾನು ಹೇಳಿದಾಗ ಅವರ ಮುಖ ಸಣ್ಣದಾಗುತ್ತಿತ್ತು, ನನಗೂ ಸಂಕಟವಾಗುತ್ತಿತ್ತು. ಒಂದು ವರ್ಷ ಆಯ್ಕೆ ಶಿಬಿರವೊಂದಕ್ಕೆ ಅವನನ್ನು ಕರೆದೊಯ್ದಾಗ, ಅಲ್ಲಿ ಕೊಟ್ಟ ಅರ್ಜಿಯಲ್ಲಿ ಎಷ್ಟು ಗೋಲು ಹೊಡೆದಿದ್ದೀರಿ ಎಂಬ ಕಾಲಂ ಇತ್ತು, ಬೇರೆ ಯಾವ ಲೆಕ್ಕವನ್ನೂ ಕೇಳಿರಲಿಲ್ಲ. ಹುಡುಗ ಅಲ್ಲಿ ಸೊನ್ನೆ ಬರೆದ. ಮೈದಾನಕ್ಕೆ ಇಳಿಸದೆಯೇ ಅವನನ್ನು ವಾಪಸು ಕಳಿಸಿದರು.

ಮುಂದಿನ ಮಳೆಗಾಲದಲ್ಲಿ, ಕರೆಂಟು ಹೋಗಿ ಮಗ್ಗ ನಿಂತಿದ್ದ ಒಂದು ಮಧ್ಯಾಹ್ನ, ತಂದೆ ಮೊದಲ ಸಲ ಪಂದ್ಯ ನೋಡಲು ಬಂದರು. ಕೆಂಪು ರಾಡಿಯಲ್ಲಿ ಚೆಂಡು ಉರುಳುತ್ತಲೇ ಇರಲಿಲ್ಲ. ನಾನು ಅವರನ್ನು ಗೋಲ್‌ಪೋಸ್ಟಿನ ಹಿಂದೆ ನಿಲ್ಲಿಸಿ, ಚೆಂಡನ್ನು ಬಿಟ್ಟು ಮಗನನ್ನಷ್ಟೇ ನೋಡಿ ಎಂದು ಹೇಳಿದೆ. ಎದುರಿನ ಫಾರ್ವರ್ಡ್ ಓಡಿ ಬರುವಾಗ ಹುಡುಗ ಕಾಲು ಹಾಕುವುದಿಲ್ಲ. ಮೈಯನ್ನು ಅರ್ಧ ಓರೆ ಮಾಡಿ, ಮಂಡಿ ಸ್ವಲ್ಪ ಬಗ್ಗಿಸಿ, ಹಿಂದೆ ಹಿಂದೆ ಸರಿಯುತ್ತ ಅವನನ್ನು ಗೆರೆಯ ಕಡೆಗೆ ಒಯ್ಯುತ್ತಾನೆ. ಫಾರ್ವರ್ಡ್‌ನ ಭುಜ, ಕಣ್ಣು ಎಷ್ಟೇ ಆಟ ತೋರಿಸಿದರೂ ಇವನ ದೃಷ್ಟಿ ಚೆಂಡಿನ ಮೇಲೆಯೇ ಇರುತ್ತದೆ. ಚೆಂಡು ಆ ಕಾಲಿನಿಂದ ಒಂದು ಗೇಣು ಹೆಚ್ಚು ದೂರ ಸರಿದ ಕ್ಷಣಕ್ಕೆ ಮಾತ್ರ ಇವನ ಕಾಲು ಮುಂದೆ ಬರುತ್ತದೆ.

ಪಂದ್ಯ ಮುಗಿದಾಗ ತಂದೆ ನನ್ನ ಕೈಯಲ್ಲಿ ಒಂದು ಹಳದಿ ನೂಲನ್ನಿಟ್ಟರು. ಮಗ ಚೆಂಡು ಕಸಿದುಕೊಂಡ ಪ್ರತಿ ಸಲವೂ ಅದಕ್ಕೆ ಒಂದು ಗಂಟು ಹಾಕಿದ್ದರು. "ಎಣಸ್ಕೊಳ್ರಿ ಸರ" ಎಂದರು. ಹತ್ತೊಂಬತ್ತು ಗಂಟುಗಳಿದ್ದವು. ಆ ನೂಲು ಇಲ್ಲಿ ನನ್ನ ಕಿಸೆಯಲ್ಲಿದೆ, ನೋಡಿ. ಹುಡುಗ ಮುಂದೆ ಬೆಂಗಳೂರಿನ ಕ್ಲಬ್ಬೊಂದರಲ್ಲಿ ಏಳು ವರ್ಷ ಸಂಬಳಕ್ಕೆ ಆಡಿದ. ಹೊಡೆದ ಗೋಲು ಒಟ್ಟು ಎರಡು.

ದೊಡ್ಡ ಲೋಕದಲ್ಲೂ ಇದೇ ಕಥೆ. ವರ್ಷದ ಅತ್ಯುತ್ತಮ ಆಟಗಾರನಿಗೆಂದು 1956ರಿಂದ ಕೊಡುತ್ತಿರುವ ಬ್ಯಾಲನ್ ಡಿಓರ್ ಪ್ರಶಸ್ತಿ ಬ್ಯಾಕ್ ಆಡಿದವರಲ್ಲಿ ಸಿಕ್ಕಿದ್ದು ಬೆಕೆನ್‌ಬಾಯರ್, ಜಾಮರ್, ಕನ್ನವಾರೊ ಈ ಮೂವರಿಗೆ ಮಾತ್ರ. ಕನ್ನವಾರೊ ನಾಯಕರಾಗಿದ್ದ ಇಟಲಿ 2006ರ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು. ಒಂದು ತಮ್ಮವರದೇ ಕಾಲಿಗೆ ತಾಗಿ ಒಳಹೋದದ್ದು, ಇನ್ನೊಂದು ಫ್ರಾನ್ಸಿನ ಜಿದಾನ್ ಅವರ ಪೆನಾಲ್ಟಿ. ಅಂದರೆ ಆಟ ನಡೆಯುತ್ತಿರುವಾಗ ಎದುರಾಳಿಯೊಬ್ಬ ಚೆಂಡನ್ನು ಇಟಲಿಯ ಬಲೆಗೆ ಹೊಡೆದದ್ದು ಇಡೀ ಟೂರ್ನಿಯಲ್ಲಿ ಒಮ್ಮೆಯೂ ಇಲ್ಲ. ಆ ಸಾಧನೆಯನ್ನು ಮಾಡಿದ ಮನುಷ್ಯನ ಎತ್ತರ ಆರಡಿಗಿಂತ ಕಡಿಮೆ ಎಂಬುದನ್ನು, ತಾನು ಕುಳ್ಳ ಎಂದು ಹಿಂಜರಿಯುವ ಮಕ್ಕಳು ಗಮನಿಸಬೇಕು.

ಸಮಯ ಮುಗಿಯಿತೆಂದು ಅಧ್ಯಕ್ಷರಿಂದ ಚೀಟಿ ಬಂದಿದೆ. ಬ್ಯಾಕ್ ಆಡುವವನ ಬಾಳಿಕೆಯ ಬಗ್ಗೆ ಹೇಳಬೇಕೆಂದಿದ್ದೆ. ಹದಿನಾರನೇ ವಯಸ್ಸಿಗೆ, 1985ರಲ್ಲಿ, ಮಿಲಾನ್ ತಂಡಕ್ಕೆ ಇಳಿದ ಇಟಲಿಯ ಬ್ಯಾಕ್ ಮಾಲ್ದೀನಿ 2009ರವರೆಗೆ ಅದೇ ತಂಡಕ್ಕೆ 902 ಪಂದ್ಯಗಳನ್ನು ಆಡಿದರು ಎಂಬಷ್ಟನ್ನೇ ಹೇಳುತ್ತೇನೆ. ಮಂಡಿಯ ಆರೈಕೆ, ಊಟ, ಓದು ಇವುಗಳನ್ನು ಶಿಬಿರದಲ್ಲೇ ಮಾತನಾಡೋಣ.

ಒಂದು ಬೇಡಿಕೆ ಉಳಿದಿದೆ. ಈ ವರ್ಷದ ನಮ್ಮ ಪಂದ್ಯಗಳ ಪುಸ್ತಕದಲ್ಲಿ ಗೋಲಿನ ಪಕ್ಕದಲ್ಲೇ, ಚೆಂಡು ಕಸಿದದ್ದು ಎಷ್ಟು, ತಡೆದದ್ದು ಎಷ್ಟು ಎಂದು ಬರೆಯಲು ಎರಡು ಕಾಲಂ ಎಳೆಸಿದ್ದೇನೆ. ಗೆರೆಯ ಪಕ್ಕದಲ್ಲಿ ಕೂತು ಬರೆಯಲು ಪಾಲಕರಲ್ಲಿ ಇಬ್ಬರು ಮುಂದೆ ಬರಬೇಕು. ಎಲ್ಲಿ ನಿಲ್ಲಿಸಿದರೆ ಅಲ್ಲೇ ಆಡುತ್ತೇನೆ ಎಂದ ಆ ಹುಡುಗ ಸಭೆಯಲ್ಲಿದ್ದರೆ ನಾಳೆ ಬೆಳಿಗ್ಗೆ ಆರಕ್ಕೆ ಬರಲಿ. ಅವನನ್ನು ಸ್ಟಾಪರ್ ಜಾಗದಲ್ಲಿ ನಿಲ್ಲಿಸುತ್ತೇನೆ.