ಬೇಸ್‌ಮೆಂಟಿನಲ್ಲಿ ರೇಡಾನ್: ಕಿಟಕಿ ತೆರೆದರೆ ಸಾಲದು

[ದೃಶ್ಯ: ಲಿಮೆರಿಕ್ ಅಣುಸ್ಥಾವರದ ಹಳೆಯ ಫೋಟೊ]

ನಮಸ್ಕಾರ. 1984ರ ಡಿಸೆಂಬರ್. ಅಮೆರಿಕದ ಪೆನ್ಸಿಲ್ವೇನಿಯಾದ ಲಿಮೆರಿಕ್ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಬಂದರೆ ಸಾಕು, ವಿಕಿರಣ ಪತ್ತೆಯಂತ್ರ ಕೂಗಿಕೊಳ್ಳುತ್ತಿತ್ತು. ಆದರೆ ಸ್ಥಾವರದಲ್ಲಿ ವಿದ್ಯುತ್ ಉತ್ಪಾದನೆ ಇನ್ನೂ ಶುರುವೇ ಆಗಿರಲಿಲ್ಲ! ವಿಕಿರಣ ಬರುತ್ತಿದ್ದದ್ದು ಅವರ ಮನೆಯಿಂದ. ಅಲ್ಲಿನ ಗಾಳಿಯಲ್ಲಿ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ (ವಿಕಿರಣಶೀಲತೆಯ ಅಳತೆ) ರೇಡಾನ್ ಇತ್ತು. 4 ಮುಟ್ಟಿದರೇ ಸರಿಪಡಿಸಿ ಅನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ.

ಮಣ್ಣು, ಬಂಡೆಯಲ್ಲಿರುವ ಯುರೇನಿಯಂ ನಿಧಾನವಾಗಿ ಒಡೆಯುತ್ತಾ ಹೋದಾಗ ಹುಟ್ಟುವ, ವಿಕಿರಣ ಸೂಸುವ ಅನಿಲವೇ ರೇಡಾನ್. ಬಣ್ಣವಿಲ್ಲ, ವಾಸನೆಯಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ಇದರಿಂದಾಗುವ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುತ್ತಾರೆ ಎಂಬುದು ಅದೇ ಸಂಸ್ಥೆಯ ಅಂದಾಜು. ಸಿಗರೇಟು ಸೇದುವವರಿಗಂತೂ ಅಪಾಯ ಇನ್ನೂ ಜಾಸ್ತಿ.

ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ ಕಡೆ ಮನೆ ಕೊಳ್ಳುತ್ತಿರುವ ಕನ್ನಡಿಗರೇ, ದಯವಿಟ್ಟು ಟೆಸ್ಟ್ ಮಾಡಿಸಿ. ಪಕ್ಕದ ಮನೆಯಲ್ಲಿ ಕಡಿಮೆ ಬಂತು ಅಂತ ಸುಮ್ನೆ ಇರಬೇಡಿ, ನಿಮ್ಮಲ್ಲಿ ಜಾಸ್ತಿ ಇರಬಹುದು. ರೇಡಾನ್ ಹೀರಿಕೊಳ್ಳುವ ಇದ್ದಿಲಿನ ಟೆಸ್ಟ್ ಕಿಟ್ ಕೆಲವೇ ದಿನದ ಲೆಕ್ಕ ಕೊಡುತ್ತದೆ. ಅದನ್ನು ಇಟ್ಟಿರುವಷ್ಟು ದಿನ ಕಿಟಕಿ, ಬಾಗಿಲು ಮುಚ್ಚಿರಲಿ.

[ದೃಶ್ಯ: ಮನೆಯ ಅಡ್ಡಸೀಳು ಚಿತ್ರ. ಮಣ್ಣಿನಿಂದ ಮೇಲಕ್ಕೆ ಬಾಣಗಳು]

ಜಾಸ್ತಿ ಬಂದರೆ? ಕಿಟಕಿ ತೆರೆದರೆ ಇಳಿಯುತ್ತದೆ, ಮುಚ್ಚಿದರೆ ಮತ್ತೆ ಏರುತ್ತದೆ. ಅನಿಲ ನುಸುಳುವ ನೆಲದ ಬಿರುಕಿಗೆ ಸೀಲೆಂಟ್ ಬಳಿಯುವುದು ಬೇಕು, ಆದರೆ ಅದೊಂದೇ ಸಾಲದು. ಚಳಿಗಾಲದಲ್ಲಿ ಮನೆಯ ಬೆಚ್ಚಗಿನ ಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ಆಗ ಕೆಳಗೆ ಒತ್ತಡ ಕಡಿಮೆಯಾಗಿ, ಮನೆಯೇ ಮಣ್ಣಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಹಾಗಾಗಿ ಆ ಎಳೆತವನ್ನೇ ತಿರುಗಿಸಬೇಕು. ಕಾಂಕ್ರೀಟ್ ನೆಲಕ್ಕೆ ಒಂದು ತೂತು ಕೊರೆದು, ಕೆಳಗಿನ ಜಲ್ಲಿ, ಮಣ್ಣನ್ನು ಸ್ವಲ್ಪ ತೆಗೆದು, ಪಿವಿಸಿ ಪೈಪ್ ಇಳಿಸುತ್ತಾರೆ. ಪೈಪಿನ ಇನ್ನೊಂದು ತುದಿ ಸೂರಿನ ಮೇಲಕ್ಕೆ. ನಡುವೆ ಹಗಲೂ ರಾತ್ರಿ ಓಡುವ ಒಂದು ಫ್ಯಾನ್. ನೆಲದಡಿಯ ಒತ್ತಡ ಮನೆಯೊಳಗಿನದಕ್ಕಿಂತ ಕಡಿಮೆಯಾಗುತ್ತದೆ. ರೇಡಾನ್ ಒಳಗೆ ಬರುವ ಮೊದಲೇ ಪೈಪಿನ ದಾರಿ ಹಿಡಿಯುತ್ತದೆ. ಫ್ಯಾನ್ ಮಾತ್ರ ಬೇಸ್‌ಮೆಂಟಿನಲ್ಲಿ ಬೇಡ. ಅಟ್ಟದಲ್ಲೋ ಹೊರಗೋಡೆಗೋ ಇರಲಿ. ಇಲ್ಲದಿದ್ದರೆ, ಫ್ಯಾನಿನಿಂದ ಮೇಲೆ ಪೈಪ್ ಎಲ್ಲಾದರೂ ಸೋರಿದರೆ ಅನಿಲ ಮನೆಯೊಳಗೇ ತುಂಬುತ್ತದೆ. ನೆಲದಡಿಯ ನೀರು ಬಂದು ಸೇರಲೆಂದು ಬೇಸ್‌ಮೆಂಟಿನಲ್ಲಿ ತೋಡಿರುವ ಸಂಪ್ ಗುಂಡಿಗೂ ಗಾಳಿಯಾಡದ ಮುಚ್ಚಳ ಹಾಕಿಸಿ.

[ದೃಶ್ಯ: ಪೈಪಿಗೆ ಅಂಟಿಸಿದ ಪುಟ್ಟ ಗಾಜಿನ ಕೊಳವೆ, ಹತ್ತಿರದಿಂದ]

ಈ 'ಯು' ಆಕಾರದ ಕೊಳವೆ ನೋಡಿ. ಒಳಗೆ ಬಣ್ಣದ ದ್ರವ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದೆ ಅಲ್ವಾ? ಅಂದರೆ ಪೈಪು ಗಾಳಿ ಎಳೆಯುತ್ತಿದೆ. ಎರಡೂ ಕಡೆ ಸಮ ಇದ್ದರೆ ಎಳೆತ ನಿಂತಿದೆ ಎಂದರ್ಥ, ತಕ್ಷಣ ರಿಪೇರಿಯವರನ್ನು ಕರೆಸಿ. ಇದು ರೇಡಾನ್ ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಫ್ಯಾನ್ ಹಾಕಿಸಿದ ಮೇಲೆ ಒಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ.